ಅಕ್ಕ–ಭಾವನ ‘ಮಜಾ’ದ ಲೆಕ್ಕ ಕೊಡ್ತೀನಿ, ಬನ್ನಿ

(1/9)
ಹೋದ ತಿಂಗಳು ನಾನು ಹಾಕಿದ ಫೋಟೋ ನೆನಪಿದೆಯಾ? ಸಮುದ್ರ, ಇಬ್ಬರ ಬೆನ್ನು, ಮಧ್ಯೆ ಒಂದು ಸ್ಟೀಲ್ ಡಬ್ಬಿ. ನನ್ನ ದೊಡ್ಡಪ್ಪನ ಮಗಳು ಮತ್ತು ಭಾವ. ಜಾಗ ಬಾರ್ಬಡೋಸ್. ನಾನೇ ಬುದ್ಧಿ ಇಲ್ಲದೆ ಮೇಲೆ “ಲೈಫ್ ಅಂದ್ರೆ ಇದು” ಅಂತ ಬರೆದಿದ್ದೆ.

ಕೆಳಗೆ ನೀವು ಬರೆದಿದ್ದು ಇದು. “ಇವರಿಗೆ ಕೆಲಸ ಇಲ್ವಾ?” “ಹನಿಮೂನ್ ಇನ್ನೂ ಮುಗಿದಿಲ್ವಾ?” “ದುಡ್ಡಿದ್ದೋರು ಬಿಡು ಮಗಾ.” “ಗಂಡನ ದುಡ್ಡು, ಹೆಂಡ್ತಿ ಮಜಾ.” ಕೊನೆಯದಕ್ಕೆ 41 ಲೈಕ್. ಅದರಲ್ಲಿ ಅರ್ಧ ನಮ್ಮ ಕ್ಲಾಸಿನವರೇ. ಹೆಸರು ನೋಡ್ಕೊಂಡಿದ್ದೀನಿ, ಇಲ್ಲಿ ಹೇಳಲ್ಲ.

ಅಕ್ಕ ಎಲ್ಲಾನೂ ಓದಿದಳು. ಏನೂ ಅನ್ನಲಿಲ್ಲ. ಅಲ್ಲಿಗೂ ಇಲ್ಲಿಗೂ ಒಂಬತ್ತೂವರೆ ಗಂಟೆ ವ್ಯತ್ಯಾಸ. ಅಲ್ಲಿ ಭಾನುವಾರ ಸಂಜೆ ಸೂರ್ಯ ಮುಳುಗುವಾಗ ಇಲ್ಲಿ ಸೋಮವಾರ ಬೆಳಗಿನ ಜಾವ ಮೂರೂವರೆ. ಹಾಗಾಗಿ ಪ್ರತಿ ಸೋಮವಾರ ನಾನು ಎದ್ದು ಫೋನ್ ನೋಡಿದ್ರೆ ಅವಳ ಏಳೆಂಟು ಫೋಟೋ ಬಂದಿರೋದು. ಈಗ ನಾಲ್ಕು ಸೋಮವಾರದಿಂದ ಒಂದೂ ಇಲ್ಲ.

ನಾನು ಓದ್ತಿರೋದು ಬಿಕಾಂ. ಲೆಕ್ಕ ಬರುತ್ತೆ. ಇವತ್ತು ಅವರ ಮಜಾದ ಲೆಕ್ಕ ಪೂರ್ತಿ ಕೊಡ್ತೀನಿ. ಲೈಕ್ ಒತ್ತಿದ 41 ಜನ ದಯವಿಟ್ಟು ಕೊನೇವರೆಗೂ ಓದಿ.

(2/9)
ಮೊದಲು ಊರು. “ಬಾರ್ಬಡೋಸ್ ಎಲ್ಲಿದೆ ಅಂತಾನೇ ಗೊತ್ತಿಲ್ಲ” ಅಂದವರಿಗೆ: ಸುಳ್ಳು ಹೇಳಬೇಡಿ. 2024ರ ಜೂನ್ 29ರ ರಾತ್ರಿ ನೀವೆಲ್ಲ ಟಿವಿ ಮುಂದೆ ಕೂತು ಅದೇ ಊರನ್ನ ನೋಡಿದ್ರಿ. ಬ್ರಿಜ್‌ಟೌನ್‌ನ ಕೆನ್ಸಿಂಗ್ಟನ್ ಓವಲ್. ಸೌತ್ ಆಫ್ರಿಕಾ ಮೇಲೆ 7 ರನ್. ನಮ್ಮ ದ್ರಾವಿಡ್ ಕಪ್ ಹಿಡ್ಕೊಂಡು ಕೂಗಿದ್ದು ಅಲ್ಲೇ. ಆಮೇಲೆ ಬೆರಿಲ್ ಚಂಡಮಾರುತ ಬಂದು ಟೀಮ್ ಅಲ್ಲೇ ಸಿಕ್ಕಿಹಾಕಿಕೊಂಡಿತು. ವಿಮಾನ ಯಾವಾಗ ಹೊರಡುತ್ತೆ ಅಂತ ಗಂಟೆಗೊಂದು ಸ್ಟೇಟಸ್ ಹಾಕಿದ್ರಲ್ಲ, ಮರೆತೋಯ್ತಾ?

ಅದೇ ಚಂಡಮಾರುತದ ಅಲೆಗೆ ಬ್ರಿಜ್‌ಟೌನ್ ಬಂದರಿನಲ್ಲಿ ಮೀನುಗಾರರ ದೋಣಿಗಳು ಒಂದಕ್ಕೊಂದು ಗುದ್ದಿ ಪುಡಿಯಾದವು, ಎಷ್ಟೋ ಮುಳುಗಿಹೋದವು. ಅದರ ಸ್ಟೇಟಸ್ ಯಾರೂ ಹಾಕಲಿಲ್ಲ. ನಾನೂ ಹಾಕಲಿಲ್ಲ.

ಊರು ಅಂದ್ರೆ ಇಷ್ಟೇ: 34 ಕಿಲೋಮೀಟರ್ ಉದ್ದ, ಅಗಲ ತುಂಬಾ ಅಂದ್ರೆ 23. ನಮ್ಮ ಬೆಂಗಳೂರೇ ಅದಕ್ಕಿಂತ ದೊಡ್ಡದು. ಇಡೀ ದೇಶದಲ್ಲಿ ಮೂರು ಲಕ್ಷ ಜನರೂ ಇಲ್ಲ.

(3/9)
ಈಗ ಖರ್ಚಿನ ಕಡೆ ಬನ್ನಿ.

ಬಾರ್ಬಡೋಸಿಗೆ ತನ್ನದೇ ಡಾಲರ್ ಇದೆ. ಎರಡು ಬಾರ್ಬಡೋಸ್ ಡಾಲರ್ ಅಂದ್ರೆ ಒಂದು ಅಮೆರಿಕನ್ ಡಾಲರ್. 1975ರಿಂದ ಈ ದರ ಅಲ್ಲಾಡಿಲ್ಲ. ಬಸ್ ಚಾರ್ಜು ಒಬ್ಬರಿಗೆ 3.50, ಎಲ್ಲಿ ಹತ್ತಿ ಎಲ್ಲಿ ಇಳಿದರೂ ಅಷ್ಟೇ. ಇಬ್ಬರಿಗೆ, ಹೋಗಿ ಬರೋಕೆ 14. ನಮ್ಮ ದುಡ್ಡಲ್ಲಿ ಸುಮಾರು 600 ರೂಪಾಯಿ. ಕಡಿಮೆ ಅಲ್ಲ, ಒಪ್ತೀನಿ. ಆದ್ರೆ ಅವರ ಭಾನುವಾರದ ದೊಡ್ಡ ಖರ್ಚು ಅದೊಂದೇ.

ಅವರ ಹತ್ರ ಕಾರಿಲ್ಲ. ಬಸ್ ಸ್ಟಾಪಿನ ಬೋರ್ಡಲ್ಲಿ ಊರಿನ ಹೆಸರೇ ಇರಲ್ವಂತೆ. ಒಂದು ಬದಿಗೆ ‘ಸಿಟಿ ಕಡೆಗೆ’, ಎದುರು ಬದಿಗೆ ‘ಸಿಟಿಯಿಂದ ಹೊರಗೆ’, ಮುಗೀತು. ಅಕ್ಕ ಮೊದಲ ವಾರ ಎರಡು ಸಲ ಉಲ್ಟಾ ಹೋಗಿದ್ದಾಳೆ. ಸರ್ಕಾರಿ ನೀಲಿ ಬಸ್ಸು, ಖಾಸಗಿ ಹಳದಿ ಬಸ್ಸು, ಇವೆರಡೂ ಸಿಗದಿದ್ರೆ ಝೆಡ್ ಆರ್ ಅನ್ನೋ ಬಿಳಿ ವ್ಯಾನು. ಆ ವ್ಯಾನಲ್ಲಿ ಹಾಡು ಎಷ್ಟು ಜೋರು ಅಂದ್ರೆ ನಮ್ಮ ಕಡೆ ಮದುವೆ ದಿಬ್ಬಣದ ಟೆಂಪೋನೂ ಸೋಲಬೇಕು.

ಡಬ್ಬಿಯಲ್ಲಿ ಚಿತ್ರಾನ್ನ. ಕೆಲವು ಸಲ ದೀವಿಹಲಸಿನ ಪಲ್ಯ. ಕರಾವಳಿಯವರು ಜೀಗುಜ್ಜೆ ಅಂತೀರಲ್ಲ, ಅದೇ. ಅಲ್ಲಿ ಬೇಕಾದಷ್ಟು ಬೆಳೆಯುತ್ತೆ. ಮಿಕ್ಕಿದ್ದೆಲ್ಲ ಹಡಗಲ್ಲಿ ಬರಬೇಕು, ಅದಕ್ಕೇ ಅಂಗಡಿ ಬೆಲೆ ಕೇಳಿದ್ರೆ ಎದೆ ಧಸಕ್ ಅನ್ನುತ್ತೆ. ಫೋಟೋದಲ್ಲಿ ಇದ್ದ ಡಬ್ಬಿ ನಿಮಗೆ ಕಾಣಲಿಲ್ಲ ನೋಡಿ. ಸಮುದ್ರ ಮಾತ್ರ ಕಂಡಿತು.

ಬೀಚಿಗೆ ಟಿಕೆಟ್: ಸೊನ್ನೆ.

(4/9)
ಇದೇ ನನ್ನ ಪಾಯಿಂಟು. ಸ್ವಲ್ಪ ನಿಧಾನವಾಗಿ ಓದಿ.

ಬಾರ್ಬಡೋಸ್‌ನಲ್ಲಿ ಬೀಚುಗಳೆಲ್ಲ ಸಾರ್ವಜನಿಕರದ್ದು. ಎಲ್ಲಾ ಬೀಚು. ಕೋಟ್ಯಧಿಪತಿಯ ಬಂಗಲೆ ಮುಂದಿನ ಮರಳಲ್ಲೂ ನೀವು ಚಾಪೆ ಹಾಸಿ ಕೂರಬಹುದು. ಹೋಟೆಲಿನವರು ಕುರ್ಚಿ ನಮ್ಮದು ಅನ್ನಬಹುದು, ಮರಳು ನಮ್ಮದು ಅನ್ನೋಕಾಗಲ್ಲ. ಹಾಗಂತ ಎಲ್ಲಾ ಸುಲಭ ಅಂತಲ್ಲ. ಪಶ್ಚಿಮದ ದಡದಲ್ಲಿ ಹೋಟೆಲು, ವಿಲ್ಲಾಗಳ ಕಾಂಪೌಂಡು ಒತ್ತೊತ್ತಾಗಿ ನಿಂತಿದೆ, ಎಷ್ಟೋ ದೂರ ರಸ್ತೆಯಿಂದ ಸಮುದ್ರವೇ ಕಾಣಲ್ಲ. ಎರಡು ಗೋಡೆ ನಡುವೆ ಒಬ್ಬರು ನುಗ್ಗೋ ಅಷ್ಟು ಓಣಿ, ಅದೇ ದಾರಿ. ಅಲ್ಲಿನ ಜನಕ್ಕೆ ಅದರ ಮೇಲೆ ಸಿಟ್ಟೂ ಇದೆ.

ಅಂಥದ್ದೇ ಒಂದು ಓಣಿ ದಾಟಿ ಅಕ್ಕ, ಭಾವ ಒಂದು ಭಾನುವಾರ ಬೆಡ್‌ಶೀಟ್ ಹಾಸಿ ಕೂತಿದ್ದಾರೆ. ಪಕ್ಕದ ಹೋಟೆಲಿನ ಗಾರ್ಡ್ ಬಂದು, ನೀವು ನಮ್ಮ ಗೆಸ್ಟಾ ಅಂತ ಕೇಳಿದ್ದಾನೆ. ಅಕ್ಕ ಹೆದರಿ ಡಬ್ಬಿ ಮುಚ್ಚಿ ಎದ್ದೇಬಿಟ್ಟಿದ್ದಾಳೆ. ನಮ್ಮವರ ಅಭ್ಯಾಸ ಅದು, ಯೂನಿಫಾರ್ಮ್ ಕಂಡ ಕೂಡಲೇ ತಪ್ಪು ನಮ್ಮದೇ ಅನ್ಕೋತೀವಿ. ಅಷ್ಟರಲ್ಲಿ ಮರದ ಕೆಳಗೆ ಮೊಮ್ಮಕ್ಕಳ ಜೊತೆ ಕೂತಿದ್ದ ಅಲ್ಲಿಯ ಅಜ್ಜಿಯೊಬ್ಬರು ಗಾರ್ಡಿಗೆ ಏನೋ ಗದರಿದರು. ಆತ ನಕ್ಕು ಹೋದ. ಅಜ್ಜಿ ಅಕ್ಕನಿಗೆ ಕೈಯಲ್ಲೇ ಕೂರು ಕೂರು ಅಂದರು.

ಅಕ್ಕ ಫೋನಲ್ಲಿ ಇದನ್ನ ಹೇಳುವಾಗ ಅವಳ ದನಿ ಬೇರೆ ಥರ ಇತ್ತು. “ಪುಟ್ಟಿ, ನನಗೆ ಯಾರಾದರೂ ಹೀಗೆ ಜಾಗ ಬಿಡಿಸಿಕೊಟ್ಟಿದ್ದು ಇದೇ ಮೊದಲು ಕಣೆ” ಅಂದಳು.

ನೀವು ಅದನ್ನ ‘ದುಡ್ಡಿದ್ದೋರ ಜಾಗ’ ಅಂದ್ರಿ. ಆ ದ್ವೀಪದ ನೆಲ 17ನೇ ಶತಮಾನದಿಂದ ಕಬ್ಬಿನ ಎಸ್ಟೇಟು. ದುಡಿದವರು ಆಫ್ರಿಕಾದಿಂದ ಹಿಡಿದು ತಂದ ಜನ. ಗುಲಾಮಗಿರಿ ಕಾಗದದ ಮೇಲೆ ಹೋಗಿದ್ದು 1834ರಲ್ಲಿ, ನಿಜವಾಗಿ ಬಿಡುಗಡೆ ಸಿಕ್ಕಿದ್ದು 1838ರಲ್ಲಿ. ಇವತ್ತು ಬಸ್ಸಲ್ಲಿ ಬಂದು ಬೀಚಲ್ಲಿ ಕೂರೋರಲ್ಲಿ ಹೆಚ್ಚಿನವರು ಅವರ ಮೊಮ್ಮಕ್ಕಳ ಮೊಮ್ಮಕ್ಕಳು. ಆ ಮರಳನ್ನ ಶ್ರೀಮಂತರ ಹೆಸರಿಗೆ ಬರೆದುಕೊಡೋಕೆ ನೀವ್ಯಾರು?

(5/9)
ಬೀಚು ಎಲ್ಲರದ್ದಾಗಿರೋದು ತಾನಾಗೇ ಆಗಲ್ಲ. ಅದೇ ಸಮುದ್ರದ ಜಮೈಕಾ ನೋಡಿ. ಅಲ್ಲಿ 1956ರ ಬೀಚ್ ಕಂಟ್ರೋಲ್ ಆಕ್ಟ್ ಅಂತ ಒಂದಿದೆ, ಬ್ರಿಟಿಷರ ಕಾಲದ್ದು. ಅದರ ಪ್ರಕಾರ ಸಮುದ್ರದ ಅಂಚು ಸರ್ಕಾರದ್ದು, ಸಾಮಾನ್ಯ ಜನಕ್ಕೆ ಅಲ್ಲಿ ಈಜೋಕೆ ಇಳಿಯೋ ಹಕ್ಕು ತಾನಾಗಿ ಬರಲ್ಲ. ಲೈಸೆನ್ಸ್ ತಗೊಂಡ ಹೋಟೆಲು ಬೇಲಿ ಹಾಕಿದ್ರೆ ತಲೆಮಾರಿನಿಂದ ಅಲ್ಲೇ ಈಜು ಕಲಿತ ಹುಡುಗರೂ ಬೇಲಿ ಆಚೆ. ಅಲ್ಲಿನ ಜನ ಅದರ ವಿರುದ್ಧ ಕೋರ್ಟಿಗೆ ಹೋಗಿದ್ದಾರೆ.

ಅಕ್ಕ, ಭಾವ ಇದೇ ಸಂಬಳಕ್ಕೆ ಜಮೈಕಾದ ಅಂಥ ಒಂದು ದಡದಲ್ಲಿದ್ದಿದ್ರೆ ನೀವು ಲೈಕ್ ಒತ್ತಿದ ಫೋಟೋನೇ ಇರ್ತಿರಲಿಲ್ಲ. ಆ ಫೋಟೋದಲ್ಲಿ ಇರೋದು ಭಾವನ ಸಂಬಳ ಅಲ್ಲ ಕಣ್ರೋ, ಬಾಗಿಲಿಲ್ಲದ ಒಂದು ಬೀಚು.

(6/9)
ಬೇರೆ ಏನೇನು ಮಾಡ್ತಾರೆ ಅಂತ ಕೇಳಿದ್ರಿ. ಕೇಳಿ.

ಬೆಳಿಗ್ಗೆ ಬೇಗ ಎದ್ದ ದಿನ ಪೆಬಲ್ಸ್ ಬೀಚಿಗೆ ಹೋಗ್ತಾರೆ. ಗ್ಯಾರಿಸನ್ ರೇಸ್‌ಕೋರ್ಸಿನ ಕುದುರೆಗಳನ್ನ ಬೆಳಕು ಹರಿಯೋ ಹೊತ್ತಿಗೆ ಅಲ್ಲಿ ಸಮುದ್ರಕ್ಕೆ ಇಳಿಸಿ ಮೈ ತೊಳೆಸ್ತಾರೆ. ಕುತ್ತಿಗೆವರೆಗೂ ನೀರಲ್ಲಿ ಕುದುರೆ! ನೋಡೋಕೆ ದುಡ್ಡು ಕೇಳಲ್ಲ. ಪೂರ್ವದ ಬಾತ್‌ಶೇಬಾ ಕಡೆ ಹೋದರೆ ಬರೀ ನೋಡೋದು, ಇಳಿಯೋ ಹಾಗಿಲ್ಲ. ಆ ಕಡೆ ಅಟ್ಲಾಂಟಿಕ್, ಅಲೆ ಎಳ್ಕೊಂಡು ಹೋಗುತ್ತೆ. ಭಾನುವಾರ ಬೆಳಿಗ್ಗೆ 6ಕ್ಕೆ ನ್ಯಾಷನಲ್ ಟ್ರಸ್ಟ್‌ನವರ ನಡಿಗೆ ಇರುತ್ತೆ, ಅದೂ ಉಚಿತ, ಬೇಕಾದ್ರೆ ಕಾಣಿಕೆ ಹಾಕಬಹುದು. ಭಾವ ಒಂದು ಸಲ ಮಿಲಿಟರಿ ಪ್ರಿಂಟಿನ ಚಡ್ಡಿ ಹಾಕ್ಕೊಂಡು ಹೊರಟು, ಮನೆ ಓನರಮ್ಮ ಗೇಟಲ್ಲೇ ತಡೆದು ಬದಲಾಯಿಸೋಕೆ ಕಳಿಸಿದ್ರಂತೆ. ಆ ದೇಶದಲ್ಲಿ ಸೈನಿಕರನ್ನ ಬಿಟ್ಟು ಬೇರೆಯವರು ಆ ಪ್ರಿಂಟ್ ಹಾಕೋದು ಅಪರಾಧ. ನಮ್ಮ ಹಾಸ್ಟೆಲ್ ಹುಡುಗರು ಅರ್ಧ ಜನ ಜೈಲಲ್ಲಿ ಇರ್ತಿದ್ರು.

ತಿಂಗಳಿಗೆ ಒಂದು ಶುಕ್ರವಾರ ರಾತ್ರಿ ಓಯಿಸ್ಟಿನ್ಸ್. ಮೀನುಗಾರರ ಊರು. ಸಾಲು ಅಂಗಡಿ, ಕೆಂಡದ ಮೇಲೆ ಮೀನು, ಬೆಂಚಲ್ಲಿ ಯಾರ ಪಕ್ಕ ಯಾರು ಬೇಕಾದರೂ. ಭಾವನಿಗೆ ಮೀನು. ಅಕ್ಕ ಮೀನು ತಿನ್ನಲ್ಲ, ಅವಳಿಗೆ ಮ್ಯಾಕರೋನಿ ಪೈ, ಹುರಿದ ಬಾಳೆ. ಒಂದು ಮೂಲೆಯಲ್ಲಿ ಹಳೇ ಹಾಡಿಗೆ ವಯಸ್ಸಾದ ಗಂಡ ಹೆಂಡ್ತಿ ಡ್ಯಾನ್ಸ್ ಮಾಡ್ತಿರ್ತಾರೆ, ಅವರನ್ನ ಯಾರೂ ವಿಡಿಯೋ ಮಾಡಿ ನಗಲ್ಲ. ಬೆರಿಲ್‌ಗೆ ಪುಡಿಯಾದ ದೋಣಿಗಳು ಇಂಥ ಅಂಗಡಿಗಳಿಗೆ ಮೀನು ತರೋರದ್ದು.

ಕೆಲಸ ಇಲ್ಲದೆ ನಾಲ್ಕು ಜನ ಸುಮ್ನೆ ಕೂತು ಮಾತಾಡೋದಕ್ಕೆ ಆ ಕಡೆ ‘ಲೈಮಿಂಗ್’ ಅಂತಾರೆ. ಅದಕ್ಕೊಂದು ಹೆಸರಿಟ್ಟು ಗೌರವ ಕೊಟ್ಟಿದ್ದಾರೆ. ನಮ್ಮಲ್ಲಿ ಅರಳಿಕಟ್ಟೆ ಮೇಲೆ ಗಂಡಸರು ಕೂತರೆ ಹರಟೆ, ಹೆಂಗಸು ಕೂತರೆ? ಉತ್ತರ ನಿಮ್ಮ ಕಾಮೆಂಟಲ್ಲೇ ಇದೆ.

(7/9)
ಈಗ “ಗಂಡನ ದುಡ್ಡು, ಹೆಂಡ್ತಿ ಮಜಾ.”

ಅಕ್ಕ ಎಂಕಾಂ. ಮದುವೆಗೆ ಮುಂಚೆ ಐದು ವರ್ಷ ಒಬ್ಬ ಆಡಿಟರ್ ಆಫೀಸಲ್ಲಿ ದುಡಿದವಳು. ನಮ್ಮ ಮನೆಯಲ್ಲಿ ನಾನು ಬಿಕಾಂ ತಗೊಂಡಿದ್ದೇ ಅವಳನ್ನ ನೋಡಿ. ಅಲ್ಲಿ ಕೆಲಸ ಮಾಡೋ ಪರವಾನಗಿ ಇರೋದು ಭಾವನಿಗೆ. ಅಕ್ಕನಿಗೆ ಇಲ್ಲ. ಅರ್ಜಿ ಹಾಕಬೇಕು ಅಂದ್ರೆ ಮೊದಲು ಕೆಲಸ ಕೊಡೋರು ಸಿಗಬೇಕು. ಸೋಮವಾರದಿಂದ ಶುಕ್ರವಾರ ಭಾವ ಆಫೀಸು, ಅವಳು ಎರಡು ರೂಮಿನ ಬಾಡಿಗೆ ಮನೆಯಲ್ಲಿ ಫ್ಯಾನ್ ನೋಡ್ಕೊಂಡು. ಮೊದಲ ಮೂರು ತಿಂಗಳು ಅವಳು ನನಗೆ ಮಾಡ್ತಿದ್ದ ಕಾಲ್ ಹೇಗಿರ್ತಿತ್ತು ಅಂತ ನಿಮಗೆ ಗೊತ್ತಿಲ್ಲ. ಮಾತೇ ಇರ್ತಿರಲಿಲ್ಲ. “ಏನ್ ತಿಂಡಿ?” ಅಂತ ಕೇಳೋದು, ಆಮೇಲೆ ಸುಮ್ನೆ ಲೈನಲ್ಲಿ ಇರೋದು.

ಬೀಚು ಶುರುವಾದ ಮೇಲೆ ಮಾತು ವಾಪಸ್ ಬಂತು. 29ನೇ ವಯಸ್ಸಿಗೆ ಕಾರ್ಲೈಲ್ ಬೇಯಲ್ಲಿ ಈಜು ಕಲಿತಳು. ನೀರು ಕೆರೆ ಥರ ಶಾಂತ ಇರುತ್ತೆ ಅಲ್ಲಿ. ಊರಲ್ಲಿ ಇವಳನ್ನ ಕೆರೆ ಹತ್ತಿರ ಬಿಟ್ಟಿರಲಿಲ್ಲ, ಅಣ್ಣನಿಗೆ ಮಾತ್ರ ದೊಡ್ಡಪ್ಪ ಸೊಂಟಕ್ಕೆ ಬುರುಡೆ ಕಟ್ಟಿ ಕಲಿಸಿದ್ರು. ತೇಲಿದ ದಿನ ಅವಳು ಕಳಿಸಿದ ಫೋಟೋ ನನ್ನ ಹತ್ರ ಇದೆ, ಅದನ್ನ ನಿಮಗೆ ತೋರಿಸಲ್ಲ.

ಅವಳ ಭಾನುವಾರ ನಿಮಗೆ ಮಜಾ. ಅವಳಿಗೆ ಅದು ವಾರದ ಊಟ.

(8/9)
“ಆದ್ರೂ ಲಕ್ಕಿ ಬಿಡು” ಅನ್ನೋರಿಗೆ. ಹೌದು, ಲಕ್ಕಿ. ಭಾವನ ಸಂಬಳ ಚೆನ್ನಾಗಿದೆ, ಅಲ್ಲಿನ ಎಷ್ಟೋ ಜನಕ್ಕಿಂತ ಚೆನ್ನಾಗಿದೆ. ಇಲ್ಲ ಅಂತ ನಾಟಕ ಆಡಲ್ಲ. ಅಕ್ಕ ನಾಳೆ ಬೇಸರ ಆದ್ರೆ ವಾಪಸ್ ಬರಬಹುದು, ಓಯಿಸ್ಟಿನ್ಸ್‌ನ ಮೀನುಗಾರ ಎಲ್ಲಿಗೆ ಹೋಗ್ತಾನೆ? ಆ ಪ್ರಶ್ನೆ ನೀವು ಕೇಳಿದ್ದಿದ್ರೆ ನಾನು ತಲೆಬಾಗ್ತಿದ್ದೆ. ನೀವು ಕೇಳಲಿಲ್ಲ.

ಸ್ವರ್ಗ ಅನ್ನೋರಿಗೂ ಒಂದು ಮಾತು. ಸ್ವರ್ಗದಲ್ಲಿ 2011ರಿಂದ ಸಾರ್ಗಸಮ್ ಅನ್ನೋ ಕಂದು ಪಾಚಿ ರಾಶಿ ರಾಶಿ ದಡಕ್ಕೆ ಬಂದು ಕೊಳೆಯುತ್ತೆ, ಕೊಳೆತ ಮೊಟ್ಟೆ ವಾಸನೆ. ಸ್ವರ್ಗದ ದಡದಲ್ಲಿ ಮ್ಯಾಂಚಿನೀಲ್ ಅಂತ ಮರ ಇದೆ, ಕಾಂಡಕ್ಕೆ ಕೆಂಪು ಪಟ್ಟಿ ಬಳಿದಿರ್ತಾರೆ. ಹಣ್ಣು ಪುಟ್ಟ ಸೇಬಿನ ಥರ, ವಿಷ. ಮಳೆ ಬಂತು ಅಂತ ಅದರ ಕೆಳಗೆ ನಿಂತರೆ ಎಲೆಯಿಂದ ಇಳಿದ ನೀರಿಗೇ ಮೈ ಬೊಬ್ಬೆ ಬರುತ್ತೆ. ಇದ್ಯಾವುದೂ ರೀಲ್ಸಲ್ಲಿ ಬರಲ್ಲ. ನಾನೂ ಹಾಕಿರಲಿಲ್ಲ.

ಅದಕ್ಕೇ ಮೊದಲ ತಪ್ಪು ನಂದು ಅಂತ ಬರೀತಿದ್ದೀನಿ. ಅಕ್ಕ ಕಳಿಸಿದ ಫೋಟೋ ಜೊತೆ ಡಬ್ಬಿ, ಬಸ್ಸು, ಅಜ್ಜಿ, ಫ್ಯಾನು ಎಲ್ಲಾ ಇತ್ತು. ನಾನು ಅದನ್ನೆಲ್ಲ ಕತ್ತರಿಸಿ “ಲೈಫ್ ಅಂದ್ರೆ ಇದು” ಅಂದೆ. ಲೈಕ್ ಬೇಕಿತ್ತು, ಬಂತು. ಅವಳನ್ನ ಕೇಳಿಯೂ ಇರಲಿಲ್ಲ.

(9/9)
ನಿನ್ನೆ ಇಡೀ ಬರಹವನ್ನ ಅಕ್ಕನಿಗೆ ಕಳಿಸಿದೆ. ಈ ಸಲ ಕೇಳಿದೆ. ರಾತ್ರಿ ಎಲ್ಲಾ ಉತ್ತರ ಇಲ್ಲ. ಬೆಳಿಗ್ಗೆ ಎದ್ದಾಗ ಎರಡು ಸಾಲು ಬಂದಿತ್ತು: “ಈಜಿನ ವಿಷಯ ಇರಲಿ. ದೊಡ್ಡಪ್ಪನ ಬುರುಡೆ ವಿಷಯ ಅಪ್ಪ ಓದಿದ್ರೆ ಬೈತಾರೆ, ಆದ್ರೂ ಇರಲಿ.” (ಅವಳ ಅಪ್ಪ ನನಗೆ ದೊಡ್ಡಪ್ಪ. ಅವಳೂ ಸುಮ್ನೆ ನನ್ನ ಥರಾನೇ ಬರೆದಿದ್ದಾಳೆ.)

ಜೊತೆಗೆ ಒಂದು ಫೋಟೋ. ಅದೇ ಈ ಕೊನೆಯ ಸ್ಲೈಡ್. ಮುಖ ಇಲ್ಲ. ಮರಳ ಮೇಲೆ ಬೆಡ್‌ಶೀಟು, ತೊಳೆದು ಕವುಚಿಟ್ಟ ಡಬ್ಬಿ, ಎರಡು ಜೊತೆ ಹವಾಯಿ ಚಪ್ಪಲಿ, ಹಿಂದೆ ದೂರದಲ್ಲಿ ಒಂದು ನೀಲಿ ಬಸ್ಸು.

ಕಾಮೆಂಟ್ ಬಂದ್ ಮಾಡಿಲ್ಲ. 41 ಜನ, ನಿಮ್ಮ ಲೈಕ್ ಹಳೇ ಪೋಸ್ಟಲ್ಲಿ ಹಾಗೇ ಇದೆ. ಇವತ್ತು ರಾತ್ರಿ ಅಕ್ಕ ನೋಡ್ತಾಳೆ.