ಕಿಟ್ ಕತ್ತರಿಸೋಕೆ ಹೆದರಬೇಡಿ

ದುಡ್ಡು ಕೊಟ್ಟು ತಂದ ಟ್ಯಾಂಕ್ ಕಿಟ್‌ಗೆ ಗರಗಸ ಹಾಕೋದು ಹುಚ್ಚು ಅಂತ ನಾವೂ ಅಂದ್ಕೊಂಡಿದ್ವಿ. ಆದರೆ ನಮಗೆ ಬೇಕಿದ್ದದ್ದು ಭಾರತೀಯ ಸೇನೆಯ ಟಿ-55. ಡಬ್ಬಿಯಲ್ಲಿದ್ದದ್ದು ಸೋವಿಯತ್ ಟಿ-55. ನಮ್ಮ ಸೇನೆ ಹಲವು ಟಿ-55ಗಳ 100 ಮಿ.ಮೀ. ಗನ್ ತೆಗೆದು 105 ಮಿ.ಮೀ. ಗನ್ ಕೂರಿಸಿತ್ತು. 1:35 ಅಳತೆಯಲ್ಲಿ ಆ ವ್ಯತ್ಯಾಸ ಬರೀ 0.14 ಮಿ.ಮೀ.! ಕಣ್ಣಿಗೆ ಬೀಳೋದು ಹೊಗೆ ಒಳಗೆ ನುಗ್ಗದಂತೆ ತಡೆಯುವ ಉಬ್ಬು: ಹಳೆಯದಕ್ಕೆ ಬ್ಯಾರೆಲ್ ತುದಿಯಲ್ಲಿ, ಹೊಸದಕ್ಕೆ ನಡುವಿನಲ್ಲಿ. ಫೋಟೊ ನೋಡಿ ಅಳೆದು, ಪ್ಲಾಸ್ಟಿಕ್ ಕೊಳವೆ ಕೊಯ್ದು ಮಾಡಿದ್ವಿ. ಎರಡು ಕೆಟ್ಟವು, ಮೂರನೆಯದು ಕೂತಿತು.

ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದ ನಾವು ಲ್ಯಾಬ್ ಮ್ಯಾನುಯಲ್ ದಾಟಿದ್ದೇ ಕಡಿಮೆ. ಇದು ಹೀಗೇ ಯಾಕಿದೆ ಅಂತ ಕೇಳಿದ್ದು ಈ ಪುಟ್ಟ ಟ್ಯಾಂಕ್ ಮುಂದೆ ಕೂತಾಗ. ಸೂಚನೆ ಹಾಳೆ ಪಕ್ಕಕ್ಕಿಡಿ, ಒಮ್ಮೆ ಕತ್ತರಿಸಿ ನೋಡಿ.