ಯಂತ್ರದ ಒಡನಾಟ

ಒಂಟಿತನವನ್ನು ಕೇವಲ ಕವಿಗಳ ಕೊರಗೆಂದು ಬಗೆದು ಸುಮ್ಮನಿರುವ ಕಾಲ ಕಳೆಯಿತು. ಬ್ರಿಟನ್ 2018ರಲ್ಲಿ, ಜಪಾನ್ 2021ರಲ್ಲಿ ಈ ವ್ಯಥೆಯ ಹೊಣೆಯನ್ನು ಮಂತ್ರಿಗಳಿಗೆ ವಹಿಸಿದವು. ರಾಜ್ಯಾಡಳಿತಕ್ಕಿಂತ ಮುಂಚೆಯೇ ಯಂತ್ರಶಿಲ್ಪಿಗಳು ಈ ಕೆಲಸಕ್ಕೆ ಕೈಹಾಕಿದ್ದರು. ಜೊತೆಯಿಲ್ಲದವರಿಗೆ ಜೊತೆಯನ್ನು ನಿರ್ಮಿಸಿ ಕೊಡುವುದು ಉಪಕಾರವೆ, ವಂಚನೆಯೆ ಎಂಬುದು ಇನ್ನು ಬರಿಯ ತರ್ಕದ ಪ್ರಶ್ನೆಯಲ್ಲ.

ಜಪಾನಿನ ವಿಜ್ಞಾನಿ ತಕನೋರಿ ಶಿಬಾತ ಅವರು ರೂಪಿಸಿದ ‘ಪಾರೊ’, ಸೀಲ್ ಎಂಬ ಕಡಲಪ್ರಾಣಿಯ ಮರಿಯ ಆಕಾರದ ಯಂತ್ರ. ಸವರಿದರೆ ಕಣ್ಣು ಮಿಟುಕಿಸುತ್ತದೆ, ಕರೆದರೆ ತಲೆಯೆತ್ತುತ್ತದೆ. ಸೀಲನ್ನು ಆರಿಸಿದುದರಲ್ಲಿ ಜಾಣತನವಿದೆ. ನಾಯಿ ಬೆಕ್ಕುಗಳ ನಡತೆಯನ್ನು ಎಲ್ಲರೂ ಬಲ್ಲರಾದ್ದರಿಂದ ಅನುಕರಣೆಯ ಕೊರತೆ ಬೇಗನೆ ಹೊರಬೀಳುತ್ತದೆ. ಸೀಲನ್ನು ಸಾಕಿದವರು ಯಾರು? ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2009ರಲ್ಲಿ ಇದನ್ನು ವೈದ್ಯಕೀಯ ಸಾಧನಗಳ ವರ್ಗಕ್ಕೆ ಸೇರಿಸಿತು. ಮರೆವಿನ ರೋಗಕ್ಕೆ ತುತ್ತಾದ ವೃದ್ಧರು ಇದನ್ನು ಮಡಿಲಲ್ಲಿಟ್ಟುಕೊಂಡು ಶಾಂತರಾಗುವುದುಂಟು.

ಪ್ರೀತಿಯನ್ನು ನಟಿಸುವ ವಸ್ತುವಿನಿಂದ ಮುದುಕರನ್ನು ಮರುಳುಮಾಡುವುದು ಅವರ ಘನತೆಗೆ ಕುಂದಲ್ಲವೆ ಎಂಬ ಆಕ್ಷೇಪವುಂಟು. ಅದರಲ್ಲಿ ಹುರುಳಿದೆ, ಆದರೆ ಅದು ಪೂರ್ಣಸತ್ಯವಲ್ಲ. ಸೂತ್ರದ ಬೊಂಬೆಯಾಟ ನೋಡುತ್ತ ಕಣ್ಣೀರಿಡುವವನು ಮೋಸಹೋದವನಲ್ಲ. ಬೊಂಬೆಯೆಂದು ಅರಿತೇ ಅವನು ಅಳುತ್ತಾನೆ. ಆ ಅರಿವೇ ಅಳಿದವರ ವಿಷಯದಲ್ಲಿ ಮಾತ್ರ ಕೊಡುವವರ ಎಚ್ಚರ ಇಮ್ಮಡಿಯಾಗಬೇಕು. ನಿಜವಾಗಿ ಕೇಳಬೇಕಾದುದು, ಸೂತ್ರ ಯಾರ ಕೈಯಲ್ಲಿದೆ ಎಂಬುದು.

ಸೋನಿ ಕಂಪನಿಯು 1999ರಲ್ಲಿ ‘ಐಬೋ’ ಎಂಬ ಯಂತ್ರದ ನಾಯಿಯನ್ನು ಹೊರತಂದಾಗ ಜಪಾನಿನಲ್ಲಿ ಮೊದಲ 3000 ನಾಯಿಗಳು 20 ನಿಮಿಷಗಳಲ್ಲಿ ಮಾರಾಟವಾದುವು. 2006ರಲ್ಲಿ ಕಂಪನಿ ಅವುಗಳ ತಯಾರಿಕೆಯನ್ನು ನಿಲ್ಲಿಸಿತು. 2014ರಲ್ಲಿ ದುರಸ್ತಿಯೂ ನಿಂತಿತು. ಮರುವರ್ಷ ಚೀಬಾ ಪ್ರಾಂತದ ಇಸುಮಿಯ ಕೋಫುಕುಜಿ ಬೌದ್ಧಾಲಯದಲ್ಲಿ, ಕೆಟ್ಟುಹೋದ ಐಬೋಗಳನ್ನು ಸಾಲಾಗಿರಿಸಿ ಅಂತ್ಯವಿಧಿ ನಡೆಸಲಾಯಿತು. ನಗುವವರು ನಗಬಹುದು. ನಾಯಿಗೆ ಜೀವವಿರಲಿಲ್ಲ, ನಿಜ, ದುಃಖಕ್ಕೆ ಜೀವವಿತ್ತು.

ಮಾತನಾಡುವ ಯಂತ್ರಗಳು ಬಂದ ಮೇಲೆ ಈ ಅಧೀನತೆ ಇನ್ನೂ ಆಳವಾಗಿದೆ. ‘ರೆಪ್ಲಿಕಾ’ ಎಂಬ ಸಂಭಾಷಣಾ ಒಡನಾಡಿಯ ಒಡೆಯರು 2023ರ ಫೆಬ್ರವರಿಯಲ್ಲಿ ಅದರ ಪ್ರಣಯಸಲ್ಲಾಪಕ್ಕೆ ಕಡಿವಾಣ ಹಾಕಿದರು. ನೆಚ್ಚಿಕೊಂಡಿದ್ದವರಲ್ಲಿ ಅನೇಕರು ಆಪ್ತರನ್ನು ಕಳೆದುಕೊಂಡವರಂತೆ ಪರಿತಪಿಸಿದರು. ಗೆಳೆಯನೂ ಅಗಲಬಹುದು, ಸಾಯಬಹುದು. ಆದರೆ ಆ ಅಗಲಿಕೆ ಮೂರನೆಯವನೊಬ್ಬನ ನಿರ್ಣಯದಿಂದ ಬಂದುದಲ್ಲ. ಒಂಟಿಯಾದವರ ಮಮತೆಯನ್ನು ಬೇಡಿ ಪಡೆದ ವ್ಯಾಪಾರಿ ಆ ಮಮತೆಗೆ ಋಣಿ. ಮಾರಿದ್ದಾಯಿತು, ಮುಗಿಯಿತು ಎನ್ನುವ ಅಧಿಕಾರ ಅವನಿಗಿಲ್ಲ. ದುರಸ್ತಿಯ ಭರವಸೆ, ಬದಲಾವಣೆಯ ಮುನ್ಸೂಚನೆ, ಆಡಿದ ಗುಟ್ಟುಗಳ ರಕ್ಷಣೆ, ಇವು ಅವನ ಔದಾರ್ಯವಲ್ಲ, ಕರ್ತವ್ಯ.

ಋಣ ವ್ಯಾಪಾರಿಯದು ಮಾತ್ರವೂ ಅಲ್ಲ. ಮುದುಕಿಯ ಅಳಲನ್ನು ಅಡಗಿಸುವ ಯಂತ್ರ, ಅವಳನ್ನು ನೋಡಲು ಬರಬೇಕಾದವರ ಮನಸ್ಸಾಕ್ಷಿಯನ್ನೂ ಅಡಗಿಸಬಲ್ಲುದು. ವೃದ್ಧಾಶ್ರಮಗಳಲ್ಲಿ ಪಾರೊವಿನ ಸುತ್ತ ಕುಳಿತವರು ತಮ್ಮತಮ್ಮೊಳಗೆ ಮಾತಿಗೆ ತೊಡಗಿದುದೂ ಉಂಟು. ಅಲ್ಲಿ ಯಂತ್ರ ಸೇತುವೆಯಾಯಿತು. ಅದೇ ಯಂತ್ರ ಗೋಡೆಯೂ ಆದೀತು. ಬೇರೆ ಪರೀಕ್ಷೆ ಬೇಕಿಲ್ಲ. ಪಾರೊವನ್ನು ಮುದುಕಿಯ ಮಡಿಲಿಗಿಟ್ಟ ದಾದಿ ಪಕ್ಕದಲ್ಲಿ ಕುಳಿತಳೆ, ಎದ್ದುಹೋದಳೆ ಎಂಬುದನ್ನು ನೋಡಿದರೆ ಸಾಕು.