ತಳವಿಲ್ಲದ ಲೋಟ

ನಮ್ಮ ಚಿಕ್ಕಮಗಳೂರಿನ ಕಡೆ ನಾಲ್ಕು ಮಂದಿ ಹಿರಿಯರು ಒಂದೆಡೆ ಸೇರಿದರೆಂದರೆ ಈ ದೂರು ತಪ್ಪದು: ಹುಡುಗರು ರಾತ್ರಿ ಒಂದಾದರೂ ಮಲಗುವುದಿಲ್ಲ, ಇನ್‌ಸ್ಟಾಗ್ರಾಂ ನೋಡುತ್ತ ನಿದ್ದೆಗೆಡುತ್ತಾರೆ, ಮನೋನಿಗ್ರಹವೆಂಬುದೇ ಇಲ್ಲ. ದೂರಿನ ಮೊದಲ ಭಾಗ ನಿಜ. ಕಡೆಯ ಮಾತಿಗೆ ನನ್ನ ತಕರಾರಿದೆ.

ಹಿರಿಯರ ನಿಗ್ರಹವನ್ನು ನಾನೂ ಬಲ್ಲೆ. ಕಳಸಕ್ಕೋ ಮೂಡಿಗೆರೆಗೋ ಯಕ್ಷಗಾನದ ಮೇಳ ಬಂದಿತೆಂದರೆ ಇದೇ ಮಹನೀಯರು ಕಂಬಳಿ ಹೊದ್ದು ಬೆಳಗಿನವರೆಗೂ ಕೂತವರು. ಕಡೆಗೆ ಅವರನ್ನು ಎಬ್ಬಿಸಿ ಮನೆಗೆ ಕಳಿಸಿದ್ದು ಭಾಗವತರ ಮಂಗಳವೇ ಹೊರತು ಸಂಯಮವಲ್ಲ. (ಬೆಳಗಿನ ಐದಕ್ಕೇ ವಾಟ್ಸಾಪಿನಲ್ಲಿ ಗುಲಾಬಿ ಹೂವಿನ ಶುಭೋದಯ ಕಳಿಸುವವರೂ ಹುಡುಗರಲ್ಲವಷ್ಟೆ!) ಆಟಕ್ಕೆ ಮಂಗಳವುಂಟು, ಪತ್ರಿಕೆಗೆ ಕೊನೆಯ ಪುಟವುಂಟು. ಲೋಕಕ್ಕೆ ಎಚ್ಚರವನ್ನು ಮಾರಿಯೇ ಬದುಕುವ ಕಾಫಿಯ ಜಿಲ್ಲೆ ನಮ್ಮದು. ಆದರೂ ತಳವಿಲ್ಲದ ಲೋಟವನ್ನು ನಾವು ಯಾರ ಕೈಗೂ ಕೊಟ್ಟವರಲ್ಲ.

ಫೋನಿನ ಪುಟಕ್ಕೆ ತಳವಿಲ್ಲ. ಅದು ಬೇಕೆಂದೇ ಹಾಗೆ ಮಾಡಿದ್ದು. 2006ರಲ್ಲಿ ಏಜಾ ರಾಸ್ಕಿನ್ ಎಂಬ ಅಮೆರಿಕದ ತಂತ್ರಜ್ಞರು ಈ ಮುಗಿಯದ ಪುಟವನ್ನು ರೂಪಿಸಿದರು. ಮುಂದೆ ತಾವೇ ಅದಕ್ಕಾಗಿ ಪರಿತಪಿಸಿದರು. 2017ರಲ್ಲಿ ನೆಟ್‌ಫ್ಲಿಕ್ಸಿನ ಮುಖ್ಯಸ್ಥ ರೀಡ್ ಹೇಸ್ಟಿಂಗ್ಸ್ ತಮ್ಮ ಪೈಪೋಟಿ ನಿದ್ದೆಯೊಡನೆ ಎಂದು ಬಾಯಿಬಿಟ್ಟೇ ಹೇಳಿದರು. ಅವರದು ಸಿನಿಮಾ ವ್ಯಾಪಾರ, ನಿಜ. ಆದರೆ ಅಂಗಡಿಸಾಲು ಒಂದೇ.

ನೀಲಿ ಬೆಳಕಿನ ಮೇಲೆ ತಪ್ಪು ಹೊರಿಸಿ ಕನ್ನಡಕ ಮಾರುವವರೂ ಇದ್ದಾರೆ. 2015ರಲ್ಲಿ ಪ್ರಕಟವಾದ ಬೋಸ್ಟನ್ನಿನ ಒಂದು ಪರೀಕ್ಷೆಯಲ್ಲಿ ಹನ್ನೆರಡು ಮಂದಿ ಮಲಗುವ ಮುನ್ನ ಬೆಳಗುವ ಪರದೆಯ ಮೇಲೆ ಪುಸ್ತಕ ಓದಿದರು. ನಿದ್ದೆ ತರುವ ಮೆಲಟೋನಿನ್ ಕುಗ್ಗಿದ್ದು ಹೌದು. ಆದರೆ ಕಾಗದದ ಪುಸ್ತಕ ಓದಿದ ರಾತ್ರಿಗಿಂತ ನಿದ್ದೆ ಹತ್ತಲು ತಡವಾದದ್ದು ಸುಮಾರು ಹತ್ತೇ ನಿಮಿಷ. ಏಕೆಂದರೆ ರಾತ್ರಿ ಹತ್ತಕ್ಕೆ ದೀಪ ಆರಲೇಬೇಕೆಂಬ ಕಟ್ಟಳೆ ಅಲ್ಲಿತ್ತು. ನಮ್ಮ ಹುಡುಗರಿಗೆ ಇಲ್ಲದಿರುವುದು ಆ ಕಟ್ಟಳೆ.

ವಯಸ್ಕರಿಗೆ ಏಳು ಗಂಟೆಯಾದರೂ ನಿದ್ದೆ ಬೇಕೆಂದು ವೈದ್ಯರ ಮತ. ನಾಲ್ಕೇ ಗಂಟೆ ಮಲಗಿ ಬೆಳಗ್ಗೆ ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಜೀಪು ಇಳಿಸುವ ಯುವಕನ ನಿದ್ದೆಗೇಡು ಅವನೊಬ್ಬನ ಸ್ವಂತ ವಿಷಯವಾಗಿ ಉಳಿದೀತೆ? ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿಯೇ ಇಂಥ ಚಟಕ್ಕೆಂದು ಚಿಕಿತ್ಸಾಲಯ ತೆರೆಯಿತು. ಚಟ ಹತ್ತಿದವನನ್ನು ಅಲ್ಲಿಗೆ ಕಳಿಸುತ್ತೇವೆ. ಹತ್ತಿಸಿದವರನ್ನು?

ಪುಟಕ್ಕೆ ಬಾಗಿಲು ಹಾಕಲಾಗದೆಂದು ಕಂಪನಿಗಳು ಹೇಳುವಂತಿಲ್ಲ. ಚೀನಾದ ಡೌಯಿನ್ 2021ರಲ್ಲಿ ಹದಿನಾಲ್ಕರೊಳಗಿನ ಮಕ್ಕಳಿಗೆ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಕದ ಮುಚ್ಚಿತು. ವಯಸ್ಕರಿಗೆ ಅಂಥ ಸರ್ಕಾರಿ ಬೀಗ ನನಗೂ ಬೇಡ. ರಾತ್ರಿ ಹನ್ನೊಂದಕ್ಕೆ ಪುಟ ತಾನಾಗಿ ಮುಗಿಯಲಿ; ಮುಂದೆಯೂ ಬೇಕೆನ್ನುವವನು ಗುಂಡಿಯೊತ್ತಿ ಪಡೆಯಲಿ. ಇಷ್ಟನ್ನು ಕಾನೂನಾಗಿಸಿರೆಂದು ಹಿರಿಯರು ತಮ್ಮ ಸಂಸದರಿಗೆ ಒಂದು ಕಾಗದ ಬರೆಯಬಾರದೆ?